ಡುವಾರ್ಟೆ ಪ್ರಕರಣ: ಸಣ್ಣ ಊರಿನ ರೋಟರಿ ಕ್ಲಬ್ ಮೂವರು ಮಹಿಳೆಯರನ್ನು ಸೇರಿಸಿಕೊಂಡಾಗ

ಲಾಸ್ ಏಂಜಲೀಸ್ ನಗರದ ಈಶಾನ್ಯಕ್ಕೆ, ಸ್ಯಾನ್ ಗೇಬ್ರಿಯಲ್ ಬೆಟ್ಟಗಳ ಬುಡದಲ್ಲಿ ಡುವಾರ್ಟೆ ಎಂಬ ಸಣ್ಣ ಪಟ್ಟಣವಿದೆ. 1970ರ ದಶಕದಲ್ಲಿ ಅಲ್ಲಿನ ರೋಟರಿ ಕ್ಲಬ್ಬಿಗೆ ಬಂದ ತೊಂದರೆ ನಮ್ಮ ತಾಲ್ಲೂಕು ಕೇಂದ್ರಗಳ ಎಷ್ಟೋ ಕ್ಲಬ್ಬುಗಳಿಗೆ ಗೊತ್ತಿರುವಂಥದ್ದೇ: ಹಳೆಯ ಸದಸ್ಯರು ಕಡಿಮೆಯಾಗುತ್ತಿದ್ದರು, ಹೊಸಬರು ಸಿಗುತ್ತಿರಲಿಲ್ಲ. 1977ರಲ್ಲಿ ಕ್ಲಬ್ ಡೋನಾ ಬೋಗಾರ್ಟ್, ಮೇರಿ ಲೂ ಎಲಿಯಟ್, ರೋಸ್‌ಮೇರಿ ಫ್ರೈಟಾಗ್ ಎಂಬ ಮೂವರನ್ನು ಪೂರ್ಣ ಸದಸ್ಯರನ್ನಾಗಿ ಸೇರಿಸಿಕೊಂಡಿತು. ರೋಟರಿಯ ಸಂವಿಧಾನದ ಪ್ರಕಾರ ಸದಸ್ಯರಾಗುವವರು ಪ್ರಾಪ್ತ ವಯಸ್ಸಿನ, ಒಳ್ಳೆಯ ನಡತೆಯ, ವೃತ್ತಿಯಲ್ಲಿ ಹೆಸರು ಉಳಿಸಿಕೊಂಡ ಪುರುಷರಾಗಿರಬೇಕಿತ್ತು. ಕೊನೆಯ ಷರತ್ತೊಂದನ್ನು ಬಿಟ್ಟರೆ ಈ ಮೂವರು ಬೇರೆಲ್ಲ ಅರ್ಹತೆಯನ್ನೂ ಪೂರೈಸಿದ್ದರೆಂದು ಕ್ಲಬ್ ತೀರ್ಮಾನಿಸಿತ್ತು.

ಹೀಗೆ ಶುರುವಾದ ತಕರಾರು ಹತ್ತು ವರ್ಷ ನಡೆದು ಅಮೆರಿಕದ ಸುಪ್ರೀಂ ಕೋರ್ಟು ಮುಟ್ಟಿತು. ಊರಿನ ಸೇವಾ ಕ್ಲಬ್ ಸೇರಬೇಕೆಂದಿರುವವರೂ ಸೇರಿಸಿಕೊಳ್ಳುವ ಸ್ಥಾನದಲ್ಲಿರುವವರೂ ಈ ಪ್ರಕರಣವನ್ನು ವಿವರವಾಗಿ ತಿಳಿದುಕೊಳ್ಳಬೇಕೆಂದು ನನ್ನ ಆಸೆ. ಕ್ಲಬ್ ಎಂಥ ಸೇವೆ ಮಾಡಬಲ್ಲದು ಎಂಬುದು ಬಹುಮಟ್ಟಿಗೆ ಅದು ಯಾರನ್ನು ಕರೆಯುತ್ತದೆ ಎಂಬುದರ ಮೇಲೆ ನಿಂತಿರುತ್ತದೆ. ಡುವಾರ್ಟೆಯವರು ಇದನ್ನು ತಮ್ಮ ಅಗತ್ಯದಿಂದಲೇ ಅರಿತರು.

ಕರೆದರೆ ಮಾತ್ರ ಪ್ರವೇಶ

ರೋಟರಿ ಹುಟ್ಟಿದ್ದು 1905ರ ಫೆಬ್ರವರಿ 23ರಂದು, ಷಿಕಾಗೊದಲ್ಲಿ. ಆ ಸಂಜೆ ಸೇರಿದವರು ನಾಲ್ವರು: ವಕೀಲ ಪಾಲ್ ಹ್ಯಾರಿಸ್, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಬಟ್ಟೆ ಹೊಲಿಸಿಕೊಡುವ ಅಂಗಡಿಯ ಒಬ್ಬ ಯಜಮಾನ. ಒಬ್ಬರ ಕಚೇರಿಯಲ್ಲಿ ಒಂದು ಸಲ, ಇನ್ನೊಬ್ಬರ ಕಚೇರಿಯಲ್ಲಿ ಇನ್ನೊಂದು ಸಲ ಸರದಿಯಂತೆ ಸಭೆ ಸೇರುತ್ತಿದ್ದರು. ಸಂಸ್ಥೆಯ ಹೆಸರು ಬಂದದ್ದು ಆ ಸರದಿಯಿಂದಲೇ (ಸರದಿಗೆ ಇಂಗ್ಲಿಷಿನಲ್ಲಿ ರೊಟೇಶನ್). ನಾಲ್ವರದೂ ಬೇರೆ ಬೇರೆ ಕಸುಬು ಎಂಬುದನ್ನು ಗಮನಿಸಿ. ಮುಂದೆ ಅದೇ ನಿಯಮವಾಯಿತು. ಪ್ರತಿ ಕಸುಬಿನಿಂದ ಸಾಮಾನ್ಯವಾಗಿ ಒಬ್ಬರು, ಅವರೂ ತಮ್ಮ ವೃತ್ತಿಯಲ್ಲಿ ಮುಂದಾಳುತನದ ಸ್ಥಾನದಲ್ಲಿರುವವರು. ಇದನ್ನು ರೋಟರಿಯವರು ಕ್ಲಾಸಿಫಿಕೇಶನ್ ಎನ್ನುತ್ತಾರೆ. ಊರಿನಲ್ಲಿ ಎಷ್ಟು ಬಗೆಯ ಯೋಗ್ಯ ಉದ್ಯೋಗಗಳಿವೆಯೋ ಅಷ್ಟಕ್ಕೂ ಕ್ಲಬ್ಬಿನಲ್ಲಿ ಒಬ್ಬ ಪ್ರತಿನಿಧಿ ಇರಬೇಕೆಂಬುದು ಅದರ ಹಿಂದಿನ ಆಶಯ. ಇಡೀ ಊರೇ ಒಂದು ಮೇಜಿನ ಸುತ್ತ ಕುಳಿತಂತಿರಬೇಕು ಎನ್ನುವ ಈ ಆಶಯ ನನಗೆ ಇಂದಿಗೂ ಬಹಳ ಹಿಡಿಸುತ್ತದೆ.

ಆದರೆ ಸದಸ್ಯತ್ವಕ್ಕೆ ಅರ್ಜಿ ಹಾಕಿಕೊಂಡು ಹೋಗುವ ರೂಢಿ ಇರಲಿಲ್ಲ. ಒಳಗಿರುವ ಒಬ್ಬರು ಹೆಸರು ಸೂಚಿಸಬೇಕು, ಸಮಿತಿ ಪರಿಶೀಲಿಸಬೇಕು, ಮಂಡಳಿ ಒಪ್ಪಬೇಕು. ಸೇರಿದ ಮೇಲೆ ವಾರಕ್ಕೊಂದು ಸಭೆ. ತನ್ನ ಕ್ಲಬ್ಬಿನ ಸಭೆ ತಪ್ಪಿಸಿಕೊಂಡವನು ಬೇರೆ ಊರಿನ, ಬೇರೆ ದೇಶದ ಕ್ಲಬ್ಬಿನ ಸಭೆಗೆ ಹೋಗಿ ಹಾಜರಿ ತುಂಬಿಕೊಳ್ಳಬಹುದಿತ್ತು. ಈ ಕೊನೆಯ ಸಂಗತಿ ಸಣ್ಣದೆಂದು ಕಂಡೀತು. ಮುಂದೆ ಕೋರ್ಟಿನಲ್ಲಿ ಇದಕ್ಕೂ ತೂಕ ಬಂತು.

ಮಹಿಳೆಯರಿಗೆ ಕ್ಲಬ್ಬಿನಲ್ಲಿ ಜಾಗವೇ ಇರಲಿಲ್ಲವೆಂದಲ್ಲ. ಸಭೆಗೆ ಬರಬಹುದಿತ್ತು, ಭಾಷಣ ಮಾಡಬಹುದಿತ್ತು, ಪ್ರಶಸ್ತಿ ಪಡೆಯಬಹುದಿತ್ತು. ರೋಟೇರಿಯನ್ನರ ಮನೆಯ ಹೆಣ್ಣುಮಕ್ಕಳಿಗೆಂದು 1924ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಇನ್ನರ್‌ವೀಲ್ ಶುರುವಾಗಿತ್ತು. ನಮ್ಮ ಊರುಗಳ ಇನ್ನರ್‌ವೀಲ್ ಕ್ಲಬ್ಬುಗಳು ಶಾಲಾ ಮಕ್ಕಳಿಗೆ, ಬಾಣಂತಿಯರಿಗೆ, ವೃದ್ಧಾಶ್ರಮಗಳಿಗೆ ಮಾಡಿರುವ ಕೆಲಸದ ಬಗ್ಗೆ ನನಗೆ ತುಂಬು ಗೌರವವಿದೆ. ಆದರೂ ಒಬ್ಬ ಹೆಣ್ಣುಮಗಳು ವೈದ್ಯೆಯೋ ವಕೀಲೆಯೋ ಶಾಲೆಯ ಮುಖ್ಯೋಪಾಧ್ಯಾಯಿನಿಯೋ ಆಗಿದ್ದರೂ, ರೋಟರಿಯ ಹತ್ತಿರ ಬರಲು ಅವಳಿಗಿದ್ದ ದಾರಿ ಗಂಡನ ಮೂಲಕವೇ. ಗಂಡ ಸದಸ್ಯನಲ್ಲದಿದ್ದರೆ ಆ ದಾರಿಯೂ ಇಲ್ಲ.

ಈ ನಿಯಮವನ್ನು ಪ್ರಶ್ನಿಸಿದವರಲ್ಲಿ ಡುವಾರ್ಟೆಯವರು ಮೊದಲಿಗರಲ್ಲ. ಭಾರತದ ಮೊದಲ ರೋಟರಿ ಕ್ಲಬ್ 1919–20ರಲ್ಲಿ ಕಲ್ಕತ್ತೆಯಲ್ಲಿ ನೆಲೆಗೊಂಡಿತು. 1934ರಲ್ಲಿ ಬೆಂಗಳೂರಿಗೂ ರೋಟರಿ ಬಂತು. 1950ರ ಅಂತರರಾಷ್ಟ್ರೀಯ ಅಧಿವೇಶನದ ಮುಂದೆ, ಸದಸ್ಯರು ಪುರುಷರೇ ಆಗಿರಬೇಕೆಂಬ ಷರತ್ತನ್ನು ಕ್ಲಬ್ ಸಂವಿಧಾನದಿಂದ ತೆಗೆಯಬೇಕೆಂದು ಪ್ರಸ್ತಾವ ಕಳಿಸಿದ್ದು ಭಾರತದ ಒಂದು ಕ್ಲಬ್! ನಮ್ಮ ಗಣರಾಜ್ಯದ ಸಂವಿಧಾನ ಜಾರಿಗೆ ಬಂದ ವರ್ಷವೇ ಅದು. 1964ರಲ್ಲಿ ಸಿಲೋನಿನ ಕ್ಲಬ್ಬೊಂದು ಇಂಥದೇ ಪ್ರಸ್ತಾವ ತಂದಿತು. ಎರಡೂ ಫಲ ಕೊಡಲಿಲ್ಲ. ಹೆಣ್ಣುಮಕ್ಕಳ ಸಮಾನತೆ ಅಮೆರಿಕದಿಂದ ಆಮದಾದ ವಿಚಾರ ಎನ್ನುವವರಿಗೆ ಈ ಎರಡು ಇಸವಿಗಳನ್ನು ತೋರಿಸಬೇಕು.

ಚಾರ್ಟರ್ ಹೋಯಿತು, ಕ್ಲಬ್ ಉಳಿಯಿತು

ಡುವಾರ್ಟೆಯ ವಿಷಯ ತಿಳಿದ, ಎಲ್ಲ ಕ್ಲಬ್ಬುಗಳ ಮೇಲಿನ ಸಂಸ್ಥೆಯಾದ ರೋಟರಿ ಇಂಟರ್‌ನ್ಯಾಷನಲ್, ಇದು ರೋಟರಿಯ ಸಂವಿಧಾನಕ್ಕೆ ವಿರುದ್ಧವೆಂದು ತಿಳಿಸಿತು. ಒಳಗಿನ ವಿಚಾರಣೆ ನಡೆಯಿತು. ಕ್ಲಬ್ ಮೂವರನ್ನು ಕೈಬಿಡಲಿಲ್ಲ. 1978ರ ಮಾರ್ಚಿನಲ್ಲಿ ಚಾರ್ಟರ್, ಎಂದರೆ ಕ್ಲಬ್ಬಿನ ಮಾನ್ಯತೆ ಪತ್ರ, ರದ್ದಾಯಿತು. ಅಂತರರಾಷ್ಟ್ರೀಯ ಅಧಿವೇಶನಕ್ಕೆ ಮಾಡಿಕೊಂಡ ಮೇಲ್ಮನವಿಯೂ ಬಿತ್ತು.

ಚಾರ್ಟರ್ ಕಳೆದುಕೊಂಡ ಕ್ಲಬ್ಬಿನ ಸ್ಥಿತಿ ಏನೆಂದು ಇಂಥ ಸಂಸ್ಥೆಗಳ ಒಳಗಿದ್ದವರಿಗೆ ಗೊತ್ತು. ಹೆಸರು ಬಳಸುವಂತಿಲ್ಲ, ಚಕ್ರದ ಲಾಂಛನ ಹಾಕಿಕೊಳ್ಳುವಂತಿಲ್ಲ, ಜಿಲ್ಲಾ ಸಮಾವೇಶಕ್ಕೆ ಕರೆಯಿಲ್ಲ, ಪ್ರತಿಷ್ಠಾನದ ನೆರವಿಲ್ಲ. ಎಷ್ಟೋ ಕ್ಲಬ್ಬುಗಳು ಇದಕ್ಕಿಂತ ಸಣ್ಣ ಮುನಿಸಿಗೇ ಒಡೆದುಹೋಗಿವೆ. ಡುವಾರ್ಟೆಯವರು ತಮ್ಮನ್ನು ‘ಎಕ್ಸ್ ರೋಟರಿ ಕ್ಲಬ್’ ಎಂದು ಕರೆದುಕೊಂಡು ಸಭೆ, ಸೇವೆ ಎರಡನ್ನೂ ಮುಂದುವರಿಸಿದರು. 1982ರಲ್ಲಿ ಪ್ರಾಥಮಿಕ ಶಾಲೆಯ ಪ್ರಾಂಶುಪಾಲೆ ಸಿಲ್ವಿಯಾ ವಿಟ್‌ಲಾಕ್ ಸೇರಿದ್ದೂ ಈ ಹೊರಗುಳಿದ ಕ್ಲಬ್ಬನ್ನೇ. ಮಾನ್ಯತೆ ಇಲ್ಲದ ಕ್ಲಬ್ಬನ್ನು ತಿಳಿದೂ ತಿಳಿದೂ ಸೇರಬೇಕಾದರೆ, ಅಂಥವರಿಗೆ ಎದೆಯ ಮೇಲಿನ ರೋಟರಿ ಪಿನ್ನಿಗಿಂತ ಕೆಲಸ ಮುಖ್ಯವಾಗಿರಬೇಕು. ಈ ಇಡೀ ಪ್ರಕರಣದಲ್ಲಿ ನನ್ನ ಮನಸ್ಸಿಗೆ ಅತಿ ಹತ್ತಿರವಾದ ಭಾಗ ಇದು.

ಕ್ಲಬ್ಬೂ ಅದರ ಇಬ್ಬರು ಮಹಿಳಾ ಸದಸ್ಯರೂ ಸೇರಿ ಲಾಸ್ ಏಂಜಲೀಸ್ ಕೌಂಟಿಯ ಸುಪೀರಿಯರ್ ಕೋರ್ಟಿನಲ್ಲಿ ದಾವೆ ಹೂಡಿದರು. ಅವರ ಕೈಯಲ್ಲಿದ್ದ ಕಾನೂನು ಕ್ಯಾಲಿಫೋರ್ನಿಯಾದ ಅನ್‌ರೂ ನಾಗರಿಕ ಹಕ್ಕುಗಳ ಕಾಯ್ದೆ. ಯಾವುದೇ ಬಗೆಯ ವ್ಯವಹಾರ ಸಂಸ್ಥೆಯಲ್ಲಿ ಸೌಲಭ್ಯ, ಅನುಕೂಲ, ಸೇವೆಗಳು ಎಲ್ಲರಿಗೂ ಸಮಾನವಾಗಿ ಸಿಗಬೇಕೆನ್ನುತ್ತದೆ ಅದು. ಹಾಗಾದರೆ ಸೇವಾ ಕ್ಲಬ್ ವ್ಯವಹಾರ ಸಂಸ್ಥೆಯೇ? ವಿಚಾರಣಾ ನ್ಯಾಯಾಲಯ ಅಲ್ಲವೆಂದಿತು. ಸದಸ್ಯರಿಗೆ ಸಿಗುವ ವ್ಯಾಪಾರದ ಅನುಕೂಲ ಬರೀ ಆನುಷಂಗಿಕ ಎಂದು ರೋಟರಿ ಇಂಟರ್‌ನ್ಯಾಷನಲ್ ಪರ ತೀರ್ಪು ಕೊಟ್ಟಿತು. 1986ರಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು. ಸದಸ್ಯತ್ವದ ಖರ್ಚನ್ನು ವ್ಯಾಪಾರದ ಖರ್ಚಾಗಿ ತೋರಿಸುವುದು, ಕಂಪನಿಗಳೇ ಶುಲ್ಕ ಕಟ್ಟುವುದು, ವ್ಯಾಪಾರದ ಸಂಪರ್ಕ ಬೆಳೆಯಲೆಂದು ಜನ ಸೇರುವುದು, ಇವೆಲ್ಲ ದಾಖಲೆಯಲ್ಲಿದ್ದವು. ಆ ವರ್ಷದ ಸೆಪ್ಟೆಂಬರಿನಲ್ಲಿ ಡುವಾರ್ಟೆ ಕ್ಲಬ್ ಮತ್ತೆ ಒಳಬಂತು. ರಾಜ್ಯದ ಸರ್ವೋಚ್ಚ ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಳ್ಳಲಿಲ್ಲ. ರೋಟರಿ ಇಂಟರ್‌ನ್ಯಾಷನಲ್ ವಾಷಿಂಗ್ಟನ್ನಿಗೆ ಹೋಯಿತು.

‘ನಮ್ಮದು ಗೆಳೆಯರ ಬಳಗ’

ಸುಪ್ರೀಂ ಕೋರ್ಟಿನ ಮುಂದೆ ರೋಟರಿ ಇಂಟರ್‌ನ್ಯಾಷನಲ್ ಇಟ್ಟ ವಾದವನ್ನು ಹಗುರವಾಗಿ ತಳ್ಳಿಹಾಕಬಾರದು. ಯಾರ ಜೊತೆ ಸೇರಬೇಕು, ಯಾರ ಜೊತೆ ಬೇಡ ಎಂಬ ಆಯ್ಕೆ ಪ್ರಜೆಗಳಿಗೆ ಇರಲೇಬೇಕು. ಸರ್ಕಾರ ನಮ್ಮ ಮನೆಯ ಊಟಕ್ಕೆ ಯಾರು ಬರಬೇಕೆಂದು ಹೇಳುವಂತಾದರೆ ಯಾರಿಗೂ ಕ್ಷೇಮವಿಲ್ಲ. ರೋಟರಿ ಕೇಳಿದ್ದು ಅದೇ ರಕ್ಷಣೆಯನ್ನು. ಪುರುಷರೇ ಇರುವುದರಿಂದ ಒಂದು ಬಗೆಯ ಒಡನಾಟ ಸಾಧ್ಯವಾಗಿದೆ, ಬೇರೆ ಬೇರೆ ರೀತಿನೀತಿಗಳ ದೇಶಗಳಲ್ಲಿ ಕೆಲಸ ಮಾಡಲೂ ಅದರಿಂದ ಅನುಕೂಲವಾಗಿದೆ ಎಂದು ಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಸಾಕ್ಷ್ಯ ಹೇಳಿದ್ದರು.

1987ರ ಮೇ 4ರಂದು ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ಲೂಯಿಸ್ ಪವೆಲ್. ಮರು ತಿಂಗಳು ಅವರು ನಿವೃತ್ತಿ ಘೋಷಿಸಿದರು. ಇಬ್ಬರು ನ್ಯಾಯಮೂರ್ತಿಗಳು ಭಾಗವಹಿಸಿರಲಿಲ್ಲ. ಉಳಿದ ಏಳು ಮಂದಿಯಲ್ಲಿ ಒಬ್ಬರೂ ಭಿನ್ನಮತ ಬರೆಯಲಿಲ್ಲ.

ಯಾರ ಜೊತೆ ಸೇರಬೇಕೆಂದು ಆರಿಸಿಕೊಳ್ಳುವ ಹಕ್ಕನ್ನು ಕೋರ್ಟು ಅಲ್ಲಗಳೆಯಲಿಲ್ಲ. ಅದು ಕೇಳಿದ್ದು ಬೇರೆ: ನೀವು ಹೇಳುವ ಆಪ್ತತೆ ನಿಮ್ಮ ಕ್ಲಬ್ಬುಗಳಲ್ಲಿ ನಿಜವಾಗಿ ಇದೆಯೇ? ಉತ್ತರಕ್ಕಾಗಿ ಅದು ರೋಟರಿಯ ಸ್ವಂತ ಕೈಪಿಡಿ, ಸ್ವಂತ ರೂಢಿಗಳನ್ನೇ ಮುಂದಿಟ್ಟುಕೊಂಡಿತು. 1982ರ ಆಗಸ್ಟಿನ ಲೆಕ್ಕದಲ್ಲಿ 157 ದೇಶಗಳಲ್ಲಿ 19,788 ಕ್ಲಬ್ಬುಗಳು, ಸುಮಾರು 9,07,750 ಸದಸ್ಯರು. ಕೆಲವು ಕ್ಲಬ್ಬುಗಳಲ್ಲಿ 20 ಜನರೂ ಇಲ್ಲ, ಕೆಲವುಗಳಲ್ಲಿ 900ಕ್ಕೂ ಹೆಚ್ಚು. ಗರಿಷ್ಠ ಮಿತಿ ಎಂಬುದೇ ಇಲ್ಲ. ಸಾಮಾನ್ಯ ಕ್ಲಬ್ಬೊಂದರಲ್ಲಿ ವರ್ಷಕ್ಕೆ ನೂರಕ್ಕೆ ಹತ್ತರಷ್ಟು ಸದಸ್ಯರು ಬಿಟ್ಟುಹೋಗುತ್ತಾರೆ, ಅವರ ಜಾಗಕ್ಕೆ ಹೊಸಬರನ್ನು ಹುಡುಕುತ್ತಲೇ ಇರಬೇಕು. ಬೇರೆ ಕ್ಲಬ್ಬಿನ ಸದಸ್ಯರು ಬಂದರೆ ಸಭೆಗೆ ಬಿಡಲೇಬೇಕು. ವ್ಯವಹಾರದ ಜೊತೆಗಾರರನ್ನು, ಪ್ರತಿಸ್ಪರ್ಧಿಗಳನ್ನೂ ಕರೆತರಲು ಪ್ರೋತ್ಸಾಹವಿದೆ. ಪತ್ರಿಕೆಗಳಲ್ಲಿ ಸಭೆಯ ಸುದ್ದಿ ಬರುವಂತೆ ನೋಡಿಕೊಳ್ಳಬೇಕೆಂಬ ಸಲಹೆಯಿದೆ. ಕಿಟಕಿ ಬಾಗಿಲುಗಳನ್ನು ಇಡೀ ಲೋಕಕ್ಕೆ ತೆರೆದಿಟ್ಟಿರುವುದಾಗಿ ಹೇಳಿಕೊಳ್ಳುವ ಸಂಸ್ಥೆ, ಹೆಣ್ಣುಮಕ್ಕಳು ಬಂದ ಕೂಡಲೇ ಇದು ಖಾಸಗಿ ಬಳಗ ಎನ್ನಲಾಗದು. ತೀರ್ಪಿನ ಈ ಭಾಗದ ತಿರುಳು ಇಷ್ಟು.

ಎರಡನೆಯ ಪ್ರಶ್ನೆ ಅಭಿವ್ಯಕ್ತಿಯದು. ಒಂದು ನಂಬಿಕೆಯನ್ನು ಸಾರಲೆಂದು ಸೇರಿದ ಸಂಘಕ್ಕೆ, ಆ ನಂಬಿಕೆ ಇಲ್ಲದವರನ್ನು ಹೊರಗಿಡುವ ಸ್ವಾತಂತ್ರ್ಯ ಬೇಕಾಗಬಹುದು. ಆದರೆ ರೋಟರಿ ಕ್ಲಬ್ಬುಗಳು ರಾಜಕೀಯ ಅಥವಾ ಅಂತರರಾಷ್ಟ್ರೀಯ ವಿವಾದಗಳಲ್ಲಿ ನಿಲುವು ತಳೆಯುವುದಿಲ್ಲ. ಅವುಗಳ ಗುರಿ ಸೇವೆ, ವೃತ್ತಿಯಲ್ಲಿ ನೀತಿ, ಸೌಹಾರ್ದ. ಇದರಲ್ಲಿ ಯಾವುದು ಹೆಣ್ಣುಮಕ್ಕಳು ಬಂದರೆ ಕೆಡುತ್ತದೆ? ಬದಲಿಗೆ, ವೃತ್ತಿನಿರತ ಮಹಿಳೆಯರು ಸೇರಿದರೆ ಕ್ಲಬ್ ಊರನ್ನು ಇನ್ನೂ ಚೆನ್ನಾಗಿ ಪ್ರತಿನಿಧಿಸುತ್ತದೆ, ಸೇವೆಯ ಶಕ್ತಿ ಹೆಚ್ಚುತ್ತದೆ ಎಂದಿತು ಕೋರ್ಟು. ಕ್ಲಾಸಿಫಿಕೇಶನ್ ಹಿಂದಿದ್ದ 1905ರ ಆಶಯವನ್ನೇ ಅದು ರೋಟರಿಗೆ ಮರಳಿ ಓದಿ ಹೇಳಿದಂತಾಯಿತು.

ತೀರ್ಪಿನ ಮಿತಿಯನ್ನೂ ಹೇಳಬೇಕು. ಜಗತ್ತಿನ ಎಲ್ಲ ಕ್ಲಬ್ಬುಗಳೂ ಎಲ್ಲರನ್ನೂ ಸೇರಿಸಿಕೊಳ್ಳಬೇಕೆಂದು ಅದು ಹೇಳಲಿಲ್ಲ. ಕ್ಯಾಲಿಫೋರ್ನಿಯಾದ ಕಾಯ್ದೆಯನ್ನು ರೋಟರಿಗೆ ಅನ್ವಯಿಸಿದರೆ ಅಮೆರಿಕದ ಸಂವಿಧಾನ ಕೊಟ್ಟ ಹಕ್ಕಿಗೆ ಧಕ್ಕೆಯಿಲ್ಲ ಎಂದಷ್ಟೇ ಹೇಳಿತು. ಮುಂದಿನ ಹೆಜ್ಜೆಗಳನ್ನು ಸಂಸ್ಥೆಗಳೇ ಇಟ್ಟವು. ಅಮೆರಿಕದ ಯಾವ ಕ್ಲಬ್ ಬೇಕಾದರೂ ಅರ್ಹ ಮಹಿಳೆಯರನ್ನು ಸೇರಿಸಿಕೊಳ್ಳಬಹುದೆಂದು ರೋಟರಿ ಮಂಡಳಿ ಪ್ರಕಟಿಸಿತು. ಅದೇ ವರ್ಷ ಲಯನ್ಸ್ ಮತ್ತು ಕಿವಾನಿಸ್ ಎಂಬ ಬೇರೆ ಸೇವಾ ಸಂಸ್ಥೆಗಳೂ ಮಹಿಳೆಯರಿಗೆ ಸದಸ್ಯತ್ವ ತೆರೆದವು. 1989ರಲ್ಲಿ ರೋಟರಿಯ ನಿಯಮಗಳನ್ನು ತಿದ್ದುವ ಅದರದೇ ಶಾಸನ ಪರಿಷತ್ತು ಪುರುಷರಿಗಷ್ಟೇ ಎಂಬ ಷರತ್ತನ್ನು ಇಡೀ ಜಗತ್ತಿಗೆ ಅನ್ವಯಿಸುವಂತೆ ತೆಗೆದುಹಾಕಿತು. 1990ರ ಜೂನ್ ವೇಳೆಗೆ ಮಹಿಳಾ ಸದಸ್ಯರು 20,200. ಡುವಾರ್ಟೆಯ ಸಿಲ್ವಿಯಾ ವಿಟ್‌ಲಾಕ್ 1987ರಲ್ಲೇ ಅಧ್ಯಕ್ಷೆಯಾಗಿ, ರೋಟರಿಯ ಇತಿಹಾಸದಲ್ಲಿ ಕ್ಲಬ್ ಅಧ್ಯಕ್ಷತೆ ವಹಿಸಿದ ಮೊದಲ ಮಹಿಳೆ ಎನಿಸಿಕೊಂಡರು. ಅಂತರರಾಷ್ಟ್ರೀಯ ಅಧ್ಯಕ್ಷ ಸ್ಥಾನಕ್ಕೆ ಮಹಿಳೆಯೊಬ್ಬರು, ಕೆನಡಾದ ಜೆನಿಫರ್ ಜೋನ್ಸ್, ಬಂದದ್ದು 2022ರಲ್ಲಿ.

ಪೋಲಿಯೊ ಹನಿ ಹಾಕಿದ ಕೈಗಳು

ಬೇರೆ ರೀತಿನೀತಿಗಳ ದೇಶಗಳಲ್ಲಿ ಪುರುಷರ ಕ್ಲಬ್ಬೇ ಅನುಕೂಲ ಎಂಬ ಆ ಸಾಕ್ಷ್ಯಕ್ಕೆ ನಿಜವಾದ ಉತ್ತರ ಸಿಕ್ಕಿದ್ದು ಕೋರ್ಟಿನಲ್ಲಲ್ಲ, ನಮ್ಮ ದೇಶದಲ್ಲಿ ಎಂದು ನಾನು ನಂಬಿದ್ದೇನೆ. 1985ರಲ್ಲಿ ರೋಟರಿ ಪೋಲಿಯೊಪ್ಲಸ್ ಕಾರ್ಯಕ್ರಮ ಶುರುಮಾಡಿ 12 ಕೋಟಿ ಡಾಲರ್ ಸಂಗ್ರಹಿಸುವುದಾಗಿ ಹೇಳಿತು. 1988ರ ಹೊತ್ತಿಗೆ ಅದರ ಎರಡು ಪಟ್ಟಿಗಿಂತ ಹೆಚ್ಚು ಕೂಡಿಸಿತ್ತು. ಭಾರತದಲ್ಲಿ 1995ರಿಂದ ಪಲ್ಸ್ ಪೋಲಿಯೊ ನಡೆಯಿತು. ಬೂತಿನ ಬ್ಯಾನರಿನ ಮೇಲೆ ರೋಟರಿಯ ಚಕ್ರ ಇರುತ್ತಿದ್ದುದು ನಮಗೆಲ್ಲ ನೆನಪಿದೆ. ಆದರೆ ಬೂತಿಗೆ ಬಾರದ ಮಕ್ಕಳನ್ನು ಹುಡುಕಿಕೊಂಡು ಮನೆಯೊಳಗೆ ಹೋದವರು, ಹನಿ ಹಾಕಿಸಲು ಹಿಂಜರಿದ ತಾಯಂದಿರ ಪಕ್ಕ ಕುಳಿತು ಮಾತಾಡಿದವರು, ಎಡಗೈ ಕಿರುಬೆರಳಿಗೆ ಶಾಯಿ ಗುರುತು ಹಾಕಿದವರು ಬಹುಪಾಲು ಅಂಗನವಾಡಿ ಕಾರ್ಯಕರ್ತೆಯರು, ಆರೋಗ್ಯ ಸಹಾಯಕಿಯರು, ಮುಂದೆ ಆಶಾ ಕಾರ್ಯಕರ್ತೆಯರು. ಗಂಡಸು ಹೊಸಿಲು ದಾಟಲಾಗದ ಮನೆಗಳಲ್ಲಿ ಕೆಲಸ ಆದದ್ದು ಅವರಿಂದ. 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡದ್ದೇ ದೇಶದ ಕೊನೆಯ ಪ್ರಕರಣ. 2014ರ ಮಾರ್ಚ್ 27ರಂದು ಭಾರತವಿರುವ ಇಡೀ ಆಗ್ನೇಯ ಏಷ್ಯಾ ವಲಯ ಪೋಲಿಯೊಮುಕ್ತವೆಂದು ಘೋಷಣೆಯಾಯಿತು. ರೋಟರಿ ಇಂದಿಗೂ ಅತ್ಯಂತ ಹೆಮ್ಮೆಯಿಂದ ಹೇಳಿಕೊಳ್ಳುವ ಈ ಸಾಧನೆ ಹೆಣ್ಣುಮಕ್ಕಳ ಕಾಲ್ನಡಿಗೆಯ ಮೇಲೆ ನಿಂತಿದೆ. ಪುರುಷರಿಗಷ್ಟೇ ಎಂಬ ನಿಯಮ ಹಾಗೇ ಉಳಿದಿದ್ದರೆ, ಆ ಕಾರ್ಯಕರ್ತೆಯರ ಶ್ರಮಕ್ಕೆ ಸನ್ಮಾನ ಮಾಡುವ ವೇದಿಕೆಯ ಮೇಲೆ ಅವರಂಥವರಿಗೆ ಸದಸ್ಯರಾಗಿ ಕೂರುವ ಹಕ್ಕೇ ಇರುತ್ತಿರಲಿಲ್ಲ.

ನಮ್ಮ ಊರಿನ ಕ್ಲಬ್ಬು

ಭಾರತದಲ್ಲಿ ಅನ್‌ರೂ ಕಾಯ್ದೆಯಂಥದ್ದನ್ನು ಹಿಡಿದು ಕ್ಲಬ್ಬಿನ ಬಾಗಿಲು ತೆಗೆಸುವುದು ಸುಲಭವಲ್ಲ. ನಮ್ಮ ಸಂವಿಧಾನದ 15(2)ನೇ ವಿಧಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲು, ಮನರಂಜನೆಯ ಜಾಗ, ಬಾವಿ, ಕೆರೆಗಳ ಹೆಸರು ಹೇಳುತ್ತದೆ. ಖಾಸಗಿ ಸಂಘದ ಸದಸ್ಯತ್ವವನ್ನು ಹೇಳುವುದಿಲ್ಲ. 19(1)(ಸಿ) ಸಂಘ ಕಟ್ಟುವ ಹಕ್ಕು ಕೊಡುತ್ತದೆ. ಒಂದೇ ಸಮುದಾಯಕ್ಕೆ ಸದಸ್ಯತ್ವ ಮೀಸಲಿಟ್ಟ ಗೃಹ ಸಹಕಾರ ಸಂಘವೊಂದರ ನಿಯಮವನ್ನು ನಮ್ಮ ಸುಪ್ರೀಂ ಕೋರ್ಟು 2005ರಲ್ಲಿ ಎತ್ತಿಹಿಡಿದದ್ದೂ ಉಂಟು. ಹಾಗಾಗಿ ಇಲ್ಲಿ ಬದಲಾವಣೆ ಆಗಬೇಕಾದದ್ದು ಕ್ಲಬ್ಬಿನ ಒಳಗಿನಿಂದಲೇ. ಅದಕ್ಕೇ ನನಗೆ ಡುವಾರ್ಟೆಯ ತೀರ್ಪಿಗಿಂತ 1977ರ ಅದರ ನಿರ್ಧಾರ ದೊಡ್ಡದಾಗಿ ಕಾಣುವುದು. ಮೇಲಿನವರು ಬೇಡವೆಂದರೂ ಊರಿಗೆ ಬೇಕಾದವರನ್ನು ಕರೆದ ಸದಸ್ಯರು ಅವರು.

ಕಾಗದದ ಮೇಲಿನ ಷರತ್ತು ಹೋಗಿ ಮೂವತ್ತೈದು ವರ್ಷ ಮೇಲಾಯಿತು. ರೋಟರಿಯ ಸದಸ್ಯರಲ್ಲಿ ಈಗ ಮಹಿಳೆಯರು ನಾಲ್ವರಲ್ಲಿ ಒಬ್ಬರ ಆಸುಪಾಸು. ಆದರೆ ಕರೆದರೆ ಮಾತ್ರ ಪ್ರವೇಶ ಎಂಬ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ಕರೆಯುವವರು ತಮ್ಮ ಬಳಗದ ಆಚೆ ನೋಡದಿದ್ದರೆ ಫಲ ಹಳೆಯದೇ. ಜುಲೈನಲ್ಲಿ ಊರೂರಲ್ಲಿ ಪದಗ್ರಹಣ ಸಮಾರಂಭಗಳು ನಡೆಯುತ್ತವೆ. ಹೊಸ ಸದಸ್ಯರಾಗಿ ಪಿನ್ ಹಾಕಿಸಿಕೊಳ್ಳುವವರಲ್ಲಿ ಎಪಿಎಂಸಿ ವರ್ತಕರು, ವೈದ್ಯರು, ಗುತ್ತಿಗೆದಾರರು, ಬ್ಯಾಂಕ್ ಮ್ಯಾನೇಜರುಗಳು ಇರುತ್ತಾರೆ. ಸ್ತ್ರೀಶಕ್ತಿ ಸಂಘದ ಲೆಕ್ಕವನ್ನು ವರ್ಷಗಟ್ಟಲೆ ಬರೆದವರು, ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯಿನಿ, ನರ್ಸು, ಟೈಲರಿಂಗ್ ಅಂಗಡಿ ನಡೆಸುವ ಹೆಣ್ಣುಮಗಳು ಎಷ್ಟು ಸಲ ಕಾಣುತ್ತಾರೆ? ಷಿಕಾಗೊದ ಆ ನಾಲ್ವರಲ್ಲಿ ಬಟ್ಟೆ ಹೊಲಿಸುವ ಅಂಗಡಿಯವನೂ ಇದ್ದ. ಸಭೆ ಕತ್ತಲಾದ ಮೇಲೆ ಶುರುವಾಗಿ ಊಟ ಮುಗಿಯುವಾಗ ಹತ್ತು ದಾಟುತ್ತದೆ ಎಂದಾದರೆ, ನಡಾವಳಿಯೆಲ್ಲ ಇಂಗ್ಲಿಷಿನಲ್ಲೇ ಎಂದಾದರೆ, ಶುಲ್ಕ ಎಷ್ಟೆಂಬುದು ಸೇರಿದ ಮೇಲೆ ತಿಳಿಯುತ್ತದೆ ಎಂದಾದರೆ, ಆಸೆಯಿದ್ದವರೂ ಹಿಂದೆ ಸರಿಯುತ್ತಾರೆ. ಇವು ಯಾವ ಸಂವಿಧಾನದಲ್ಲೂ ಬರೆದ ಷರತ್ತುಗಳಲ್ಲ. ಆದ್ದರಿಂದ ಇವನ್ನು ತೆಗೆಯಲು ಕೋರ್ಟೂ ಬೇಡ, ಪರಿಷತ್ತೂ ಬೇಡ. ಕನ್ನಡದಲ್ಲೇ ನಡಾವಳಿ ನಡೆಸುವ ಕ್ಲಬ್ಬುಗಳು ನಮ್ಮಲ್ಲಿವೆ. ಉಳಿದವೂ ಹಾಗೆ ಮಾಡಬಹುದು.

2016ರ ನಿಯಮಗಳ ನಂತರ ವಾರಕ್ಕೊಂದು ಸಭೆ ಎಂಬ ಕಟ್ಟುನಿಟ್ಟೂ ಸಡಿಲವಾಗಿದೆ. ತಿಂಗಳಿಗೆ ಎರಡು ಸಭೆ ಸಾಕು, ಸದಸ್ಯತ್ವದ ಬಗೆಗಳನ್ನೂ ಕ್ಲಬ್ ತನ್ನ ಅನುಕೂಲಕ್ಕೆ ತಕ್ಕಂತೆ ಮಾಡಿಕೊಳ್ಳಬಹುದು. ಕೆಲಸ ಮುಗಿಸಿ ಮನೆ ಸೇರಬೇಕಾದವರಿಗೆ, ಸಣ್ಣ ಮಕ್ಕಳಿರುವವರಿಗೆ ಇದು ದೊಡ್ಡ ಅನುಕೂಲ. ಕ್ಲಬ್ಬಿನವರು ಅದನ್ನು ಬಳಸಿಕೊಳ್ಳಬೇಕಷ್ಟೆ.

ಸೇರಬೇಕೆಂದಿರುವವರಿಗೆ ನನ್ನದೊಂದು ಸಲಹೆ. ಯಾರಾದರೂ ಕರೆದಾರೆಂದು ಕಾಯಬೇಡಿ. ಅಧ್ಯಕ್ಷರನ್ನೋ ಕಾರ್ಯದರ್ಶಿಯನ್ನೋ ಕಂಡು, ಅತಿಥಿಯಾಗಿ ಕೆಲವು ಸಭೆಗಳಿಗೆ ಬರುತ್ತೇನೆಂದು ಹೇಳಿ. ಅದಕ್ಕೆ ಯಾವ ನಿಯಮವೂ ಅಡ್ಡಿಯಿಲ್ಲ. ಪ್ರವೇಶ ಶುಲ್ಕ ಎಷ್ಟು, ವಾರ್ಷಿಕ ಶುಲ್ಕ ಎಷ್ಟು, ಅದರಲ್ಲಿ ಜಿಲ್ಲೆಗೆ ಮತ್ತು ಅಂತರರಾಷ್ಟ್ರೀಯ ಸಂಸ್ಥೆಗೆ ಹೋಗುವುದೆಷ್ಟು, ಊಟಕ್ಕೆಷ್ಟು, ಊರಿನ ಕೆಲಸಕ್ಕೆ ಉಳಿಯುವುದೆಷ್ಟು ಎಂದು ಮೊದಲೇ ಕೇಳಿ. ಕಳೆದ ವರ್ಷ ಮಾಡಿದ ಕೆಲಸವೊಂದನ್ನು ತೋರಿಸಿ ಎನ್ನಿ. ಶಾಲೆಗೆ ಕೊಟ್ಟ ನೀರಿನ ಫಿಲ್ಟರ್ ಈಗಲೂ ನಡೆಯುತ್ತಿದೆಯೇ, ಅದರ ರಿಪೇರಿ ಯಾರ ಹೊಣೆ ಎಂದು ವಿಚಾರಿಸಿ. ಹೆಣ್ಣುಮಕ್ಕಳಾದರೆ, ಈಗ ಮಂಡಳಿಯಲ್ಲಿ ಎಷ್ಟು ಮಂದಿ ಮಹಿಳೆಯರಿದ್ದಾರೆ, ಅವರಿಗೆ ಯಾವ ಹೊಣೆ ಕೊಟ್ಟಿದ್ದಾರೆ ಎಂದೂ ಕೇಳಿ: ಖಜಾಂಚಿಯೇ, ಯೋಜನೆಯ ಮುಖ್ಯಸ್ಥೆಯೇ, ಅಥವಾ ಪ್ರಾರ್ಥನೆ ಮತ್ತು ಆರತಿಯ ತಟ್ಟೆಗಷ್ಟೇ ಸೀಮಿತವೇ. ಈ ಪ್ರಶ್ನೆಗಳಿಗೆ ಬೇಸರಿಸದೆ ಉತ್ತರ ಕೊಡುವ ಕ್ಲಬ್ ಸಿಕ್ಕರೆ ಸೇರಿ. ಸಿಗದಿದ್ದರೆ, ಹೊಸ ಕ್ಲಬ್ಬಿಗೆ ಚಾರ್ಟರ್ ಪಡೆಯಲು ರೋಟರಿಯ ಜಿಲ್ಲಾ ಗವರ್ನರ್ ಕಚೇರಿಯಲ್ಲಿ ವಿಚಾರಿಸಬಹುದು. ಊರಿನಲ್ಲಿ ಈಗಾಗಲೇ ಒಂದು ಕ್ಲಬ್ ಇದ್ದರೂ ಇನ್ನೊಂದಕ್ಕೆ ಅವಕಾಶವಿದೆ.